ತಜ್ಞರ ಸಾಕ್ಷಿ, ನಮ್ಮ ಸಾಕ್ಷಿ

(ಹುಲಿಗಿಯಲ್ಲಿ ಸೇರಿದ್ದ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಮಾಡಿದ ಭಾಷಣದ ಬರಹರೂಪ)



ವರದಕ್ಷಿಣೆ ಸಾವಿನ ಬಗ್ಗೆ ಮಾತಾಡಲು ಯಾವ ಸಂಘಕ್ಕೆ ಹೋದರೂ ಒಂದು ಪ್ರಶ್ನೆ ಬಂದೇ ಬರುತ್ತದೆ. “ಡಾಕ್ಟರ್ ಬರದದ್ದಽ ಖರೆ ಅಂತಾರ. ನಾವು ಬಾಜೂ ಮನ್ಯಾಗ ಇದ್ದು ದಿನಾ ಕಂಡದ್ದು, ಕೇಳಿದ್ದು ಸುಳ್ಳೇನ್ರಿ ಮೇಡಂ?” ಈ ಪ್ರಶ್ನೆಯಲ್ಲಿ ಸಿಟ್ಟಿದೆ, ಸಂಕಟವಿದೆ, ಅರ್ಧ ಸತ್ಯವೂ ಇದೆ. ಇವತ್ತು ಅದಕ್ಕೆ ಉತ್ತರ ಹೇಳಲೆಂದೇ ಬಂದಿದ್ದೇನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸತ್ತವಳ ದೇಹ ಏನು ಹೇಳುತ್ತದೆ ಎಂಬುದನ್ನು ತಜ್ಞರು ಹೇಳಬಲ್ಲರು. ಸಾಯುವ ಮುನ್ನ ಅವಳು ಹೇಗೆ ಬದುಕಿದಳು ಎಂಬುದನ್ನು ಹೇಳಬಲ್ಲವರು ನೀವು. ಎರಡೂ ಕೂಡಿದರೆ ಮಾತ್ರ ನ್ಯಾಯಾಲಯದಲ್ಲಿ ಪ್ರಕರಣ ನಿಲ್ಲುತ್ತದೆ. ಎರಡೂ ಸಾಕ್ಷಿ ಕೆಡುವುದು ಬಹಳ ಸಲ ಮೊದಲ ಒಂದೇ ದಿನದಲ್ಲಿ.

ತಜ್ಞ ಸಾಕ್ಷಿ ಅಂದರೆ ಯಾರು?

ಸಾಮಾನ್ಯ ಸಾಕ್ಷಿ ತಾನು ಕಣ್ಣಾರೆ ಕಂಡದ್ದನ್ನು, ಕಿವಿಯಾರೆ ಕೇಳಿದ್ದನ್ನು ಮಾತ್ರ ಹೇಳಬೇಕು. “ನನಗೆ ಹೀಗನ್ನಿಸುತ್ತದೆ” ಎಂದರೆ ನ್ಯಾಯಾಧೀಶರು ಬರೆದುಕೊಳ್ಳುವುದಿಲ್ಲ. ಇದಕ್ಕೆ ಮುಖ್ಯವಾದ ವಿನಾಯಿತಿ ಎಂದರೆ ತಜ್ಞರು. ವಿಜ್ಞಾನ, ಕೈಬರಹ, ಬೆರಳಚ್ಚು ಇಂಥ ವಿಷಯಗಳಲ್ಲಿ ವಿಶೇಷ ತಿಳಿವಳಿಕೆ ಉಳ್ಳವರು ತಮ್ಮ ಅಭಿಪ್ರಾಯವನ್ನೂ ಹೇಳಬಹುದು. 1872ರ ಸಾಕ್ಷ್ಯ ಅಧಿನಿಯಮದ 45ನೆಯ ಕಲಮಿನಲ್ಲಿ ಇದ್ದ ಈ ಮಾತು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೆಯ ಕಲಮಿನಲ್ಲಿದೆ.

ನಮ್ಮ ಪ್ರಕರಣಗಳಲ್ಲಿ ತಜ್ಞರು ಅಂದರೆ ಮುಖ್ಯವಾಗಿ ಇಬ್ಬರು. ಒಬ್ಬರು ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು. ಇನ್ನೊಬ್ಬರು ವಿಧಿವಿಜ್ಞಾನ ಪ್ರಯೋಗಾಲಯದವರು. ಈ ಪ್ರಯೋಗಾಲಯ ಬೆಂಗಳೂರಿನ ಮಡಿವಾಳದಲ್ಲಿದೆ, ನಮ್ಮ ಭಾಗಕ್ಕೆ ಹತ್ತಿರದ ಕಲಬುರಗಿಯಲ್ಲೂ ಇದೆ. ಇವರಿಬ್ಬರೂ ಸತ್ತವಳನ್ನು ಬದುಕಿದ್ದಾಗ ಕಂಡವರಲ್ಲ. ಅವರ ಮೇಜಿಗೆ ಏನು ಬರುತ್ತದೋ ಅದನ್ನಷ್ಟೇ ಅವರು ನೋಡುತ್ತಾರೆ. ತೊಳೆದ ಸೀರೆ ಬಂದರೆ ತೊಳೆದ ಸೀರೆಯನ್ನೇ ಪರೀಕ್ಷೆ ಮಾಡುತ್ತಾರೆ. ಏನೂ ಬರದಿದ್ದರೆ ಏನನ್ನೂ ಹೇಳಲಾರರು.

ಏಳು ವರ್ಷದ ಲೆಕ್ಕ

ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡರೆ, ಅಥವಾ ಅನುಮಾನ ಬರುವ ರೀತಿಯಲ್ಲಿ ಸತ್ತರೆ, ಪೊಲೀಸರು ಶವವನ್ನು ಮರಣೋತ್ತರ ಪರೀಕ್ಷೆಗೆ ಕಳಿಸಬೇಕು. ತಾಲ್ಲೂಕು ದಂಡಾಧಿಕಾರಿ, ಅಂದರೆ ನಮ್ಮಲ್ಲಿ ಸಾಮಾನ್ಯವಾಗಿ ತಹಸೀಲ್ದಾರರು, ವಿಚಾರಣೆ ನಡೆಸಬೇಕು. ಏಳು ವರ್ಷದೊಳಗಿನ ಸಾವಾಗಿದ್ದು ಬಂಧುಗಳಲ್ಲಿ ಒಬ್ಬರು ಕೇಳಿಕೊಂಡರೂ ಸಾಕು, ಪರೀಕ್ಷೆಗೆ ಕಳಿಸಲೇಬೇಕು. 1983ರಲ್ಲಿ ಮಹಿಳಾ ಸಂಘಟನೆಗಳ ಹೋರಾಟದ ಫಲವಾಗಿ ಬಂದ ಈ ನಿಯಮ ಈಗ ನಾಗರಿಕ ಸುರಕ್ಷಾ ಸಂಹಿತೆಯ 194 ಮತ್ತು 196ನೆಯ ಕಲಮುಗಳಲ್ಲಿದೆ. ಆದ್ದರಿಂದ “ಆಗಿದ್ದು ಆತು, ಕೂಸಿನ ಮೈ ಕೊಯ್ಯಿಸೋದು ಬ್ಯಾಡ” ಎಂದು ಹಿರಿಯರು ಹೇಳಿದಾಗ, “ಬೇಕು” ಎಂದು ತಾಯಿಯೊಬ್ಬಳೇ ಹೇಳಿದರೂ ಕಾನೂನು ಅವಳ ಕಡೆಗಿದೆ.

ದೇಹ ಏನು ಹೇಳುತ್ತದೆ?

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳು. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೇಳಲು ಕಷ್ಟ, ಆದರೂ ಕೇಳಬೇಕು.

ಬೆಂಕಿ. “ಸ್ಟೋ ಸಿಡೀತು” ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. 1997ರ ಒಂದು ವರ್ಷದಲ್ಲಿ ಬೆಂಗಳೂರು ನಗರದಲ್ಲಿ ಮಹಿಳೆಯರ 1,133 ಅಸಹಜ ಸಾವುಗಳು ದಾಖಲಾದವು. ಅವುಗಳಲ್ಲಿ ಕೊಲೆ ಎಂದು ಪರಿಗಣಿಸಿದ್ದು 157 ಮಾತ್ರ. ಉಳಿದವುಗಳನ್ನು ಆತ್ಮಹತ್ಯೆ ಎಂದೂ ಅಪಘಾತ ಎಂದೂ ಬರೆಯಲಾಯಿತು. ‘ವಿಮೋಚನಾ’ ಸಂಘಟನೆ ಕೇಳಿದ್ದು ಇದನ್ನೇ: ಇಷ್ಟೊಂದು ಸ್ಟೋಗಳು ಸೊಸೆಯಂದಿರ ಕೈಯಲ್ಲೇ ಯಾಕೆ ಸಿಡಿಯುತ್ತವೆ? ಸ್ಟೋ ನಿಜವಾಗಿ ಸಿಡಿದಿದ್ದರೆ ಅದರ ಟ್ಯಾಂಕು ಒಡೆದಿರಬೇಕು, ಅಡಿಗೆಮನೆಯಲ್ಲಿ ಅದರ ಗುರುತು ಇರಬೇಕು. ನೆತ್ತಿಯ ಕೂದಲಿನಲ್ಲಿ ಸೀಮೆಎಣ್ಣೆ ಸಿಕ್ಕರೆ, ಅದು ನೆತ್ತಿಯ ತನಕ ಹೇಗೆ ಬಂತು ಎಂದು ಕೇಳಬೇಕು. ಉಸಿರುನಾಳದೊಳಗೆ ಮಸಿ ಇದ್ದು, ರಕ್ತದಲ್ಲಿ ಹೊಗೆಯ ಅನಿಲ ಸೇರಿದ್ದರೆ, ಬೆಂಕಿ ಹತ್ತಿದಾಗ ಅವಳು ಉಸಿರಾಡುತ್ತಿದ್ದಳು ಎಂದರ್ಥ. ಎರಡೂ ಇಲ್ಲದಿದ್ದರೆ, ಮೊದಲೇ ಸತ್ತವಳಿಗೆ ಬೆಂಕಿ ಹಚ್ಚಿದರೋ ಎಂಬ ಪ್ರಶ್ನೆ ಏಳುತ್ತದೆ. ಇಂದು ಸ್ಟೋ ಹೋಗಿ ಗ್ಯಾಸ್ ಬಂದಿದೆ. ಕೇಳಬೇಕಾದ ಪ್ರಶ್ನೆಗಳು ಮಾತ್ರ ಹಾಗೇ ಇವೆ. ಸೀಮೆಎಣ್ಣೆ ಆವಿಯಾಗಿ ಹೋಗುವ ವಸ್ತು. ಸುಟ್ಟ ಬಟ್ಟೆಯನ್ನು ಗಾಳಿಯಾಡದ ಹಾಗೆ ಕಟ್ಟಿ ಮೊಹರು ಮಾಡದಿದ್ದರೆ ಪ್ರಯೋಗಾಲಯಕ್ಕೆ ತಲುಪುವಷ್ಟರಲ್ಲಿ ಸಾಕ್ಷಿಯೂ ಆವಿಯಾಗಿರುತ್ತದೆ.

ನೀರು. ಹುಲಿಗಿಯವರಿಗೆ ಹೊಳೆಯನ್ನು ಪರಿಚಯಿಸಬೇಕಿಲ್ಲ. ಇಲ್ಲೇ ಪಕ್ಕದ ಮುನಿರಾಬಾದಿನಿಂದ ಎಡದಂಡೆ ಕಾಲುವೆ ಹೊರಡುತ್ತದೆ. ಕಾಲುವೆಯಲ್ಲಿ, ಬಾವಿಯಲ್ಲಿ ಹೆಣ ಸಿಕ್ಕರೆ “ಜಾರಿ ಬಿದ್ದಳು” ಎಂದು ಹೇಳಿ ಮುಗಿಸುತ್ತಾರೆ. ಜೀವಂತ ಇದ್ದಾಗ ಮುಳುಗಿದವಳ ಬಾಯಿ ಮೂಗಿನಲ್ಲಿ ನುಣುಪಾದ ನೊರೆ ಬರುವುದುಂಟು. ನೀರಿನಲ್ಲಿ ಬರಿಗಣ್ಣಿಗೆ ಕಾಣದ ಒಂದು ಜಾತಿಯ ಪಾಚಿ ಇರುತ್ತದೆ. ಹೃದಯ ಬಡಿಯುತ್ತಿದ್ದಾಗ ನೀರು ಒಳಹೊಕ್ಕರೆ ಆ ಪಾಚಿ ರಕ್ತದ ಜೊತೆ ಮೂಳೆಯ ಮಜ್ಜೆಯವರೆಗೂ ಹೋಗಬಲ್ಲದು. ಅದನ್ನು ಹೋಲಿಸಿ ನೋಡಲು ಅದೇ ಕಾಲುವೆಯ, ಅದೇ ಬಾವಿಯ ನೀರನ್ನೂ ಶೀಸೆಯಲ್ಲಿ ತುಂಬಿ ಕಳಿಸಬೇಕು. ಕಳಿಸಿದ್ದಾರೆಯೇ ಎಂದು ಯಾರಾದರೂ ಕೇಳಬೇಕು.

ಹಗ್ಗ. ತಾನೇ ನೇಣು ಹಾಕಿಕೊಂಡರೆ ಗುರುತು ಸಾಮಾನ್ಯವಾಗಿ ಕೊರಳಿನ ಮೇಲ್ಭಾಗದಲ್ಲಿ ಓರೆಯಾಗಿರುತ್ತದೆ, ಗಂಟಿನ ಕಡೆ ಬಿಟ್ಟುಹೋಗಿರುತ್ತದೆ. ಬೇರೆಯವರು ಬಿಗಿದಿದ್ದರೆ ಸಾಮಾನ್ಯವಾಗಿ ಅಡ್ಡಲಾಗಿ, ಕೊರಳ ಸುತ್ತ ಇರುತ್ತದೆ. ಜೀವ ಇದ್ದರೆ ಮೊದಲು ಇಳಿಸಿ ಉಳಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಗ್ಗವನ್ನು ಗಂಟು ಬಿಚ್ಚದೆ, ಗಂಟಿನಿಂದ ದೂರದಲ್ಲಿ ಕೊಯ್ಯಬೇಕು. ಆ ಗಂಟೂ ಒಂದು ಸಾಕ್ಷಿ.

‘ಎಣ್ಣಿ’. ಗಂಗಾವತಿ ಕಡೆಯ ಭತ್ತದ ಸೀಮೆಯಲ್ಲಿ “ಎಣ್ಣಿ ಕುಡದಳು” ಅಂದರೆ ಕ್ರಿಮಿನಾಶಕ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಸಾವಿನಲ್ಲಿ ವೈದ್ಯರು ಹೊಟ್ಟೆ, ಕರುಳು, ಪಿತ್ತಜನಕಾಂಗ, ಮೂತ್ರಪಿಂಡಗಳ ಭಾಗಗಳನ್ನು ಉಪ್ಪಿನ ದ್ರಾವಣದಲ್ಲಿಟ್ಟು, ರಕ್ತವನ್ನು ಬೇರೆಯಾಗಿಟ್ಟು, ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ವರದಿ ಬರುವವರೆಗೆ ಸಾವಿನ ಕಾರಣದ ಬಗ್ಗೆ “ಅಭಿಪ್ರಾಯ ಕಾಯ್ದಿರಿಸಿದೆ” ಎಂದು ಬರೆಯುತ್ತಾರೆ. ಈ ಎರಡು ಪದಗಳನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತವೆ.

ವಿಜ್ಞಾನ ಏನು ಮಾಡಬಲ್ಲದು, ಏನು ಮಾಡಲಾರದು

ತಜ್ಞರ ಸಾಕ್ಷಿಗೆ ಎಷ್ಟು ಶಕ್ತಿ ಇದೆ ಎಂಬುದಕ್ಕೆ ಬೆಂಗಳೂರಿನ ಒಂದು ಪ್ರಕರಣ ಸಾಕು. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು 1991ರಲ್ಲಿ ಕಾಣೆಯಾದರು. ಗಂಡ ಏನೇನೋ ಊರಿನ ಹೆಸರು ಹೇಳುತ್ತಾ ಬಂದ. ಮಗಳು ಬಿಡದೆ ದೂರು ಕೊಟ್ಟಳು. 1994ರಲ್ಲಿ ಆಕೆಯ ಸ್ವಂತ ಮನೆಯ ಅಂಗಳವನ್ನು ಅಗೆದಾಗ ಅಸ್ಥಿಪಂಜರ ಸಿಕ್ಕಿತು. ಅದು ಆಕೆಯದೇ ಎಂಬುದನ್ನು ಡಿಎನ್‌ಎ ಪರೀಕ್ಷೆಯಂಥ ವೈಜ್ಞಾನಿಕ ಸಾಕ್ಷ್ಯ ಹೇಳಿತು. ಮೈಮೇಲಿದ್ದ ಉಂಗುರ, ಬಟ್ಟೆಗಳನ್ನು ಗುರುತಿಸಿದವರು ಮಾತ್ರ ಆಕೆಯನ್ನು ಬಲ್ಲ ಹೆಂಗಸರೇ, ತಾಯಿ ಮತ್ತು ಮನೆಗೆಲಸದವಳು. 2008ರಲ್ಲಿ ಸುಪ್ರೀಂ ಕೋರ್ಟು ಗಂಡನಿಗೆ ಬದುಕಿರುವ ತನಕ ಜೈಲು ಎಂದಿತು. ಮಗಳು ಸುಮ್ಮನಿದ್ದಿದ್ದರೆ ಯಾವ ವಿಜ್ಞಾನಿಯೂ ಆ ಅಂಗಳಕ್ಕೆ ಬರುತ್ತಿರಲಿಲ್ಲ.

ಇನ್ನೊಂದು ಮುಖಕ್ಕೆ ಪುಣೆಯ ಶರದ್ ಬಿರ್ಧಿಚಂದ್ ಸಾರ್ಡಾ ಪ್ರಕರಣ ನೋಡಿ. ಮದುವೆಯಾಗಿ ನಾಲ್ಕೇ ತಿಂಗಳಿಗೆ, 1982ರ ಜೂನ್‌ನಲ್ಲಿ, ಹೆಂಡತಿ ಸತ್ತಳು. ಪೊಟ್ಯಾಸಿಯಂ ಸಯನೈಡ್ ವಿಷ ಎಂಬುದರಲ್ಲಿ ಅನುಮಾನ ಇರಲಿಲ್ಲ. ಆದರೆ ವಿಷ ಯಾವುದು ಎಂದು ತಜ್ಞರು ಹೇಳಬಲ್ಲರೇ ಹೊರತು ಯಾರ ಕೈ ಕೊಟ್ಟಿತು ಎಂದು ಹೇಳಲಾರರು. ಆತ್ಮಹತ್ಯೆ ಆಗಿರಲಾರದು ಎಂದು ಖಚಿತವಾಗಲಿಲ್ಲ ಎಂಬ ಕಾರಣಕ್ಕೆ 1984ರಲ್ಲಿ ಸುಪ್ರೀಂ ಕೋರ್ಟು ಗಂಡನನ್ನು ಬಿಡುಗಡೆ ಮಾಡಿತು. ಆದರೂ ಅದೇ ತೀರ್ಪಿನಿಂದ ನಮಗೊಂದು ದಾರಿ ಸಿಕ್ಕಿದೆ. ಸಾವಿಗೆ ಕಾರಣವಾದ ಸಂದರ್ಭಗಳ ಬಗ್ಗೆ ಹೆಣ್ಣುಮಗಳು ಅಕ್ಕನಿಗೆ, ಗೆಳತಿಗೆ ಬರೆದ ಕಾಗದ, ಹೇಳಿದ ಮಾತು ಕೂಡ ಸಾಕ್ಷಿಯಾಗಬಲ್ಲದು ಎಂಬುದನ್ನು ಅದು ವಿವರವಾಗಿ ಹೇಳಿತು.

ಈ ತೊಡಕು ಬಿಡಿಸಲೆಂದೇ 1986ರಲ್ಲಿ ‘ವರದಕ್ಷಿಣೆ ಸಾವು’ ಎಂಬ ಹೊಸ ಅಪರಾಧವನ್ನು ಕಾನೂನಿಗೆ ಸೇರಿಸಿದರು. ಆಗಿನ ದಂಡ ಸಂಹಿತೆಯ 304-ಬಿ ಕಲಮು ಇಂದು ನ್ಯಾಯ ಸಂಹಿತೆಯ 80ನೆಯ ಕಲಮಾಗಿದೆ. ಕನಿಷ್ಠ ಶಿಕ್ಷೆ ಏಳು ವರ್ಷ, ಗರಿಷ್ಠ ಜೀವಾವಧಿ. ಇಲ್ಲಿ ಯಾರ ಕೈ ಎಂದು ತೋರಿಸಬೇಕಿಲ್ಲ. ಸಾವು ಏಳು ವರ್ಷದೊಳಗೆ ಆಗಿದೆ, ಅದು ಸಹಜ ಸಾವಲ್ಲ, ಸಾವಿಗೆ ಸ್ವಲ್ಪ ಮೊದಲು ವರದಕ್ಷಿಣೆಗಾಗಿ ಹಿಂಸೆ ನಡೆದಿದೆ ಎಂದು ತೋರಿಸಿದರೆ, ತಪ್ಪು ತಮ್ಮದಲ್ಲ ಎಂದು ರುಜುವಾತು ಮಾಡುವ ಹೊರೆ ಗಂಡನ ಮನೆಯವರ ಮೇಲೆ ಬೀಳುತ್ತದೆ. ಈಗ ಲೆಕ್ಕ ಹಾಕಿ. ‘ಸಹಜ ಸಾವಲ್ಲ’ ಎಂಬುದನ್ನು ವೈದ್ಯರು ಹೇಳುತ್ತಾರೆ. ‘ಸಾವಿಗೆ ಸ್ವಲ್ಪ ಮೊದಲು ಹಿಂಸೆ’ ಎಂಬುದನ್ನು ಹೇಳುವವರು ಯಾರು? ತವರಿನವರು, ನೆರೆಯವರು, ಸಂಘದ ಗೆಳತಿಯರು. ಇದಕ್ಕೆ ಯಾವ ಪ್ರಯೋಗಾಲಯವೂ ಇಲ್ಲ.

ನಮ್ಮ ಭಾಗದ ಒಂದು ಪ್ರಕರಣ

ಊರಿನ ಹೆಸರು ಬೇಡ. ಮದುವೆಯಾಗಿ ಮೂರನೆಯ ವರ್ಷ ಒಬ್ಬ ಹುಡುಗಿ ‘ಎಣ್ಣಿ’ಯಿಂದ ಸತ್ತಳು. ಅವಳ ತಾಯಿಯ ಜೊತೆಗೆ ನಾನು ನ್ಯಾಯಾಲಯಕ್ಕೆ ಹೋಗುತ್ತಿದ್ದೆ. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಸಾಕ್ಷಿಕಟ್ಟೆಗೆ ಬಂದರು. ಅವರ ವರದಿಯಲ್ಲಿ “ಅಭಿಪ್ರಾಯ ಕಾಯ್ದಿರಿಸಿದೆ” ಎಂದೇ ಇತ್ತು. ಪ್ರಯೋಗಾಲಯದ ವರದಿ ಕಡತದಲ್ಲಿ ಇರಲಿಲ್ಲ. ಪಾಟೀಸವಾಲಿನಲ್ಲಿ ಗಂಡನ ವಕೀಲರು ಕೇಳಿದ್ದು ಒಂದೇ ಪ್ರಶ್ನೆ: “ಹಾಗಾದರೆ ಸಾವಿಗೆ ಕಾರಣ ಏನೆಂದು ಇವತ್ತಿಗೂ ನೀವು ಹೇಳಲಾರಿರಿ?” ವೈದ್ಯರು “ಹೌದು, ಹೇಳಲಾರೆ” ಎಂದರು. ಹೊರಗೆ ಬಂದ ಮೇಲೆ ಆ ತಾಯಿ ನನ್ನ ಕೈ ಹಿಡಿದು ಕೇಳಿದಳು: “ನನ್ನ ಮಗಳ ಹೊಟ್ಟ್ಯಾಗಿಂದು ಈಗ ಯಾವ ಊರಿನ ಬಾಟ್ಲ್ಯಾಗ ಐತಿ ಅಕ್ಕಾರ?”

ಆ ಪ್ರಶ್ನೆಯನ್ನೇ ನಾವು ಅರ್ಜಿ ಮಾಡಿದೆವು. ಸರ್ಕಾರಿ ವಕೀಲರಿಗೆ, ಪೊಲೀಸರಿಗೆ ಬರೆದೆವು. ವರದಿ ತರಿಸಲಾಯಿತು. ವಿಷ ದೃಢವಾಯಿತು. ವೈದ್ಯರನ್ನು ನ್ಯಾಯಾಲಯ ಮತ್ತೆ ಕರೆಸಿತು, ಅವರು ಅಂತಿಮ ಅಭಿಪ್ರಾಯ ಹೇಳಿದರು. ಅರ್ಧ ಕೆಲಸ ಆಯಿತು. ಉಳಿದ ಅರ್ಧ ನೆರೆಮನೆಯವರ ಸಾಕ್ಷಿ. ಬಾಜೂ ಮನೆಯ ಹೆಂಗಸು ಧೈರ್ಯ ಮಾಡಿ ಬಂದಳು, ಹೊಡೆತ ಬಡಿತ ನೋಡಿದ್ದನ್ನು ಹೇಳಿದಳು. ಆದರೆ “ಮೋಟರ್ ಸೈಕಲ್ಲಿಗೆ ದುಡ್ಡು ತಾ ಅಂದದ್ದು ಯಾವಾಗ?” ಎಂದು ಕೇಳಿದಾಗ ತಾಯಿ ಒಂದು ಹಬ್ಬ ಹೇಳಿದಳು, ಅಣ್ಣ ಇನ್ನೊಂದು ಹಬ್ಬ ಹೇಳಿದ. ಎಲ್ಲಿಯೂ ಒಂದು ತಾರೀಖು ಬರೆದಿಟ್ಟಿರಲಿಲ್ಲ. ಕ್ರೌರ್ಯಕ್ಕಾಗಿ ಗಂಡನಿಗೆ ಶಿಕ್ಷೆಯಾಯಿತು. ವರದಕ್ಷಿಣೆ ಸಾವಿನ ಆರೋಪ ಬಿದ್ದುಹೋಯಿತು. ಅಲ್ಲಿ ತಜ್ಞರ ಮಾತು ಕೊನೆಗೆ ನಿಂತಿತು, ತಾರೀಖಿಲ್ಲದ ನಮ್ಮ ಮಾತು ನಿಲ್ಲಲಿಲ್ಲ.

ಸಾಯುವವಳ ಮಾತು

ಮೈ ಸುಟ್ಟುಕೊಂಡು ಆಸ್ಪತ್ರೆಯಲ್ಲಿ ಮಲಗಿದವಳು ಹೇಳುವ ಮಾತು ಮರಣಪೂರ್ವ ಹೇಳಿಕೆ. ಅದಕ್ಕೆ ದೊಡ್ಡ ಬೆಲೆ ಇದೆ. “ಆಕೆ ಮಾತಾಡುವ ಸ್ಥಿತಿಯಲ್ಲಿದ್ದಳು ಎಂದು ವೈದ್ಯರು ಬರೆದುಕೊಟ್ಟಿಲ್ಲ, ಆದ್ದರಿಂದ ಇದು ನಡೆಯುವುದಿಲ್ಲ” ಎಂದು ವಕೀಲರು ವಾದಿಸುತ್ತಿದ್ದರು. 2002ರಲ್ಲಿ ಲಕ್ಷ್ಮಣ್ ವಿರುದ್ಧ ಮಹಾರಾಷ್ಟ್ರ ಸರ್ಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಇದನ್ನು ಇತ್ಯರ್ಥ ಮಾಡಿದರು. ಹೇಳಿಕೆ ಬರೆದುಕೊಂಡವರಿಗೆ ಆಕೆಯ ಬುದ್ಧಿ ಸ್ಥಿಮಿತದಲ್ಲಿತ್ತು ಎಂದು ಮನವರಿಕೆಯಾಗಿದ್ದರೆ ಸಾಕು, ವೈದ್ಯರ ಪ್ರಮಾಣಪತ್ರ ಇಲ್ಲವೆಂದು ಅದನ್ನು ತಳ್ಳಿಹಾಕಬೇಕಿಲ್ಲ ಎಂದರು. ಆದರೂ ದಂಡಾಧಿಕಾರಿಯನ್ನು ಕರೆಸಿ ಎಂದು ಕೇಳಿ, ವೈದ್ಯರಿಂದ ಬರೆಸಿ ಎಂದೂ ಕೇಳಿ. ಆ ಹೊತ್ತಿನಲ್ಲಿ ಗಂಡನ ಮನೆಯವರು ಹಾಸಿಗೆಯ ಪಕ್ಕ ನಿಲ್ಲದಂತೆ ನೋಡಿಕೊಳ್ಳಿ. “ನಿನ್ನ ಮಕ್ಕಳು ನಮ್ಮ ಕಡೆ ಅದಾವು” ಎಂಬ ಒಂದೇ ಮಾತಿಗೆ ಅದೆಷ್ಟೋ ಹೆಣ್ಣುಮಕ್ಕಳು “ಸ್ಟೋ ಸಿಡೀತು” ಎಂದು ಹೇಳಿ ಕಣ್ಣು ಮುಚ್ಚಿದ್ದಾರೆ.

ತಜ್ಞ ದೇವರಲ್ಲ

ಹುಲಿಗೆಮ್ಮನ ಮುಂದೆ ನಿಂತು ನಾವು ಕಾರಣ ಕೇಳುವುದಿಲ್ಲ. ತಜ್ಞರ ಮುಂದೆ ನಿಂತು ಕಾರಣ ಕೇಳಲೇಬೇಕು. ಹಿಮಾಚಲದ ಸೇಬಿಗೆ ಸಂಬಂಧಿಸಿದ ಜೈಲಾಲ್ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮಾತಿನ ತಾತ್ಪರ್ಯ ಇದು: ತಜ್ಞನ ಕೆಲಸ ತೀರ್ಪು ಕೊಡುವುದಲ್ಲ. ತನ್ನ ತೀರ್ಮಾನ ಸರಿಯೋ ತಪ್ಪೋ ಎಂದು ನ್ಯಾಯಾಧೀಶರು ತಾವೇ ತೂಗಿ ನೋಡಲು ಬೇಕಾದ ವೈಜ್ಞಾನಿಕ ಆಧಾರ ಒದಗಿಸುವುದು.

ತಜ್ಞತೆಯ ಹೆಸರಿನಲ್ಲಿ ಹೆಣ್ಣಿನ ಮೇಲೆ ಹಳೆಯ ಪೂರ್ವಗ್ರಹಗಳೂ ಬಂದು ಕೂತಿವೆ. ಅತ್ಯಾಚಾರಕ್ಕೊಳಗಾದವರ ಮೇಲೆ ‘ಎರಡು ಬೆರಳಿನ ಪರೀಕ್ಷೆ’ ಮಾಡಿ, “ಸಂಭೋಗಕ್ಕೆ ಒಗ್ಗಿದವಳು” ಎಂದು ವೈದ್ಯರು ಬರೆಯುತ್ತಿದ್ದರು. ಆ ಒಂದು ಸಾಲಿನಿಂದ ಅವಳ ಮಾತೇ ಸುಳ್ಳಾಗುತ್ತಿತ್ತು. ಇದು ಆಕೆಯ ಘನತೆಗೆ ಧಕ್ಕೆ ಎಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು. 2022ರಲ್ಲಿ ಇನ್ನೂ ಕಟುವಾಗಿ, ಇದಕ್ಕೆ ವೈಜ್ಞಾನಿಕ ಆಧಾರವೇ ಇಲ್ಲ, ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಎಂದಿತು. ಅಷ್ಟು ವರ್ಷ ವಿಜ್ಞಾನ ಎಂದು ನಡೆದದ್ದು ವಿಜ್ಞಾನವೇ ಆಗಿರಲಿಲ್ಲ.

“ಅವನಿಗೆ ಮಂಪರು ಪರೀಕ್ಷೆ ಮಾಡಿಸ್ರಿ, ಎಲ್ಲಾ ಕಕ್ಕತಾನ” ಎಂದೂ ಕೆಲವರು ಹೇಳುತ್ತಾರೆ. ನಮ್ಮ ರಾಜ್ಯದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ, 2010ರಲ್ಲಿ, ಒಪ್ಪಿಗೆ ಇಲ್ಲದೆ ಯಾರ ಮೇಲೂ ಈ ಪರೀಕ್ಷೆ ಮಾಡಬಾರದು ಎಂದು ಸುಪ್ರೀಂ ಕೋರ್ಟು ಹೇಳಿದೆ. ನ್ಯಾಯಕ್ಕೆ ಅಡ್ಡದಾರಿ ಇಲ್ಲ.

ಸಂಘ ಏನು ಮಾಡಬೇಕು?

ಸಾವಿನ ಸುದ್ದಿ ಬಂದ ಕೂಡಲೇ 112ಕ್ಕೆ ಫೋನು ಮಾಡಿ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಪೊಲೀಸರು ಬರುವ ತನಕ ಆ ಕೋಣೆಯನ್ನು ಸಾರಿಸಲು, ಬಟ್ಟೆ ಒಗೆಯಲು, ಡಬ್ಬಿ ಬಿಸಾಡಲು ಬಿಡಬೇಡಿ. ನೀವೂ ಏನನ್ನೂ ಮುಟ್ಟಬೇಡಿ. ಇಬ್ಬರು ಬಾಗಿಲಲ್ಲಿ ಕೂತರೆ ಸಾಕು.

ಶವವನ್ನು ಪರೀಕ್ಷೆಗೆ ಮುನ್ನ ಸುಡಲು, ಹೂಳಲು ಬಿಡಬೇಡಿ. ಹೂತಿದ್ದರೆ ದಂಡಾಧಿಕಾರಿಯ ಆದೇಶದಿಂದ ಹೊರತೆಗೆದು ಪರೀಕ್ಷಿಸಲು ಸಾಧ್ಯ. ಆದರೆ ದಿನ ಕಳೆದಷ್ಟೂ ಕುರುಹು ಮಾಸುತ್ತದೆ. ಸುಟ್ಟರೆ ಉಳಿಯುವುದು ಬೂದಿ.

ಪಂಚನಾಮೆ ಬರೆಯುವಾಗ ತವರಿನ ಹೆಂಗಸರು ಹತ್ತಿರ ಇರಲಿ. ಮೈಮೇಲೆ ಕಂಡ ಪ್ರತಿಯೊಂದು ಗಾಯವನ್ನೂ ಬರೆಸಿ. ಓದಿಸಿ ಕೇಳಿದ ಮೇಲೆಯೇ ಸಹಿ, ಹೆಬ್ಬೆಟ್ಟು. ಏನೇನು ಜಪ್ತಿ ಮಾಡಿದರು, ಯಾವುದನ್ನು ಯಾವ ದಿನ ಪ್ರಯೋಗಾಲಯಕ್ಕೆ ಕಳಿಸಿದರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ತನಿಖೆ ಎಲ್ಲಿಗೆ ಬಂತೆಂದು ಪೊಲೀಸರು ದೂರುದಾರರಿಗೆ 90 ದಿನದೊಳಗೆ ತಿಳಿಸಬೇಕು ಎಂದು ಹೊಸ ಸಂಹಿತೆ ಹೇಳುತ್ತದೆ. “ವರದಿ ಬಂತೇನ್ರಿ?” ಎಂದು ಕೇಳುವುದು ನಮ್ಮ ಹಕ್ಕು. ಮಹಿಳೆಯರಿಗೆ ಆದಾಯದ ಮಿತಿ ನೋಡದೆ ಉಚಿತ ವಕೀಲರ ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಅದನ್ನು ಬಳಸಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ತಜ್ಞರ ಸಾಕ್ಷಿ ಬೇಕಾಗುವುದು ಹೆಣ್ಣು ಸತ್ತ ಮೇಲೆ ಮಾತ್ರ ಅಲ್ಲ. ಹೊಡೆತ ತಿಂದ ಗೆಳತಿಯನ್ನು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. “ಬಚ್ಚಲದಾಗ ಜಾರಿ ಬಿದ್ದೆ” ಎಂದು ಹೇಳಿಸಬೇಡಿ. ಯಾರು, ಯಾವುದರಿಂದ, ಯಾವಾಗ ಹೊಡೆದರು ಎಂದು ವೈದ್ಯರಿಂದ ಬರೆಸಿ. ಆ ಗಾಯದ ಪ್ರಮಾಣಪತ್ರವೂ ತಜ್ಞರ ಸಾಕ್ಷಿಯೇ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆ ಅಧಿನಿಯಮ 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಅದರ ಪ್ರಕಾರ ರಕ್ಷಣಾಧಿಕಾರಿಯಾದ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಬಳಿ ದೂರು ದಾಖಲಿಸಬಹುದು. 181 ಸಹಾಯವಾಣಿಯೂ ಇದೆ. ಬದುಕಿದ್ದವಳ ಗಾಯವನ್ನು ವೈದ್ಯರು ಬರೆದಿಟ್ಟರೆ, ಅದೇ ವೈದ್ಯರು ಅವಳ ಹೆಣ ನೋಡುವ ದಿನ ಬಾರದೆ ಹೋಗಬಹುದು.

ಇನ್ನು ನಿಮ್ಮ ಸಂಘದ ನಡಾವಳಿ ಪುಸ್ತಕ. ಸಾಲದ ಕಂತು, ಉಳಿತಾಯದ ರೂಪಾಯಿ ನೀವು ತಾರೀಖು ಹಾಕಿ ತಪ್ಪದೆ ಬರೆಯುತ್ತೀರಿ. ಒಬ್ಬ ಗೆಳತಿ ಕಂತು ಕಟ್ಟಲಿಲ್ಲ ಎಂದರೆ ಯಾಕೆ ಎಂದು ಕೇಳಿ. “ಗಂಡ ಹೊಡೆದು ಕಸಿದುಕೊಂಡ, ತವರಿನಿಂದ ಇಷ್ಟು ತರಬೇಕೆಂದು ಹೇಳಿದ” ಎಂದು ಅವಳು ಹೇಳಿದರೆ, ಅವಳ ಒಪ್ಪಿಗೆ ಪಡೆದು ಅದನ್ನೂ ಆ ತಾರೀಖಿನ ಕೆಳಗೆ ಒಂದು ಸಾಲು ಬರೆಯಿರಿ. ಆಗಲೇ ಬರೆದಿಟ್ಟದ್ದನ್ನು ನೋಡಿ ನೆನಪು ಮಾಡಿಕೊಂಡು ಹೇಳಲು ಕಾನೂನು ಸಾಕ್ಷಿಗೆ ಅವಕಾಶ ಕೊಡುತ್ತದೆ. ಆ ತಾಯಿ ಮತ್ತು ಅಣ್ಣ ಬೇರೆ ಬೇರೆ ಹಬ್ಬ ಹೇಳಿದ್ದನ್ನು ನೆನೆದುಕೊಳ್ಳಿ. ಅಂದು ಅವರ ಕೈಯಲ್ಲಿ ಇರದಿದ್ದದ್ದು ಇಂಥ ಒಂದು ಸಾಲು.

ಆದ್ದರಿಂದ ಇವತ್ತಿನ ಸಭೆಯಲ್ಲಿ ಎರಡು ಠರಾವು ಮಾಡೋಣ ಎಂದು ಕೇಳಿಕೊಳ್ಳುತ್ತೇನೆ. ಒಂದು, ಪ್ರತಿ ಸಂಘದಿಂದ ಇಬ್ಬರು, ಇಂಥ ಸುದ್ದಿ ಬಂದರೆ ಹಗಲಾಗಲಿ ರಾತ್ರಿಯಾಗಲಿ ಹೋಗಿ ನಿಲ್ಲಬೇಕು. ಅವರ ಹೆಸರು ಇಂದೇ ಬರೆಯಬೇಕು. ಎರಡು, ನಡಾವಳಿ ಪುಸ್ತಕದಲ್ಲಿ ಈ ವಾರದಿಂದಲೇ ಹಿಂಸೆಯ ದಾಖಲೆಗೆ ಒಂದು ಪುಟ ತೆಗೆದಿಡಬೇಕು. ಒಪ್ಪಿಗೆ ಇದ್ದವರು ಕೈ ಎತ್ತಿರಿ. ಕಾರ್ಯದರ್ಶಿಯವರು ತಾರೀಖು ಹಾಕಿ ಬರೆದುಕೊಳ್ಳಲಿ.